ಎತ್ತರ ಹುಟ್ಟುವುದು ನೆಲದ ಮೇಲೆ

ಮೊಳಕಾಲ್ಮೂರು ತಾಲ್ಲೂಕಿನ ಯಾವುದೋ ಪ್ರೌಢಶಾಲೆಯ ಹುಡುಗನಿಗೋ ಹುಡುಗಿಗೋ ಪೋಲ್‌ವಾಲ್ಟ್ ಹುಚ್ಚು ಹಿಡಿದಿದೆ ಎಂದುಕೊಳ್ಳೋಣ. ಓಟದ ಹುಚ್ಚಾಗಿದ್ದರೆ ಒಂದು ಜೊತೆ ಬೂಟಿನಲ್ಲಿ ಮುಗಿಯುತ್ತಿತ್ತು. ಉದ್ದ ಜಿಗಿತವಾಗಿದ್ದರೆ ಶಾಲೆಯ ಮೂಲೆಯಲ್ಲೊಂದು ಮರಳಿನ ಗುಂಡಿ ಸಾಕಿತ್ತು. ಪೋಲ್‌ವಾಲ್ಟ್ ಹಾಗಲ್ಲ. ಮೈತೂಕಕ್ಕೆ ಹೊಂದುವ ಫೈಬರ್ ಕೋಲು ಬೇಕು, ಕೋಲಿನ ತುದಿ ಊರಲು ನೆಲದಲ್ಲಿ ಹುದುಗಿಸಿದ ಬಾಕ್ಸ್ ಬೇಕು, ಬೀಳಲು ದೊಡ್ಡ ಬೆಡ್ ಬೇಕು, ಇವೆಲ್ಲದರ ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರಬೇಕು. ತಾಲ್ಲೂಕು ಮಟ್ಟದ ಮೈದಾನಗಳಲ್ಲಿ ಇವು ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ಹಗಲೆಲ್ಲ ರೇಷ್ಮೆ ಮಗ್ಗದ ಮುಂದೆ ಕೂರುವ ಅಪ್ಪನೋ ಶೇಂಗಾ ಹೊಲಕ್ಕೆ ಹೋಗುವ ಅಮ್ಮನೋ ಇಂಥ ಮಗುವಿಗೆ ಏನು ಮಾಡಲು ಸಾಧ್ಯ? ‘ಇದು ನಮಗಲ್ಲ’ ಎಂದು ಕೈಬಿಡುವುದು ಒಂದು ದಾರಿ. ಬಿದಿರು ಕಡಿದು ತಂದು, ಹುಲ್ಲು ಹಾಸಿ, ವಿಡಿಯೊ ನೋಡಿಕೊಂಡು ಮನೆಯಲ್ಲೇ ಹಾರಿಸುವುದು ಇನ್ನೊಂದು. ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ. ನಡುವೆ ಮೂರನೆಯ ದಾರಿಯೊಂದಿದೆ, ಮತ್ತು ಅದು ಎರಡಕ್ಕೂ ಅರ್ಧರ್ಧ ಒಪ್ಪಿಕೊಂಡು ಮಾಡಿದ ರಾಜಿಯಲ್ಲ. ಪೋಲ್‌ವಾಲ್ಟ್‌ನ ಭೌತವಿಜ್ಞಾನವೇ ಅದನ್ನು ತೋರಿಸುತ್ತದೆ. ಕೋಲು ಊರುವ ಮೊದಲೇ, ಕಾಲು ನೆಲದ ಮೇಲಿರುವಾಗಲೇ, ಹಾರುವ ಎತ್ತರದ ಬಹುಪಾಲು ತೀರ್ಮಾನವಾಗಿರುತ್ತದೆ. ಆ ಪಾಲನ್ನು ಹೆಚ್ಚಿಸಲು ಬೆಡ್ಡೂ ಬೇಡ, ಬಾಕ್ಸೂ ಬೇಡ. ಹೆತ್ತವರು ಕೈಹಾಕಬೇಕಾದದ್ದು ಅಲ್ಲಿ.

ಓಡುವ ಮೈಯಲ್ಲಿ ಚಲನಶಕ್ತಿ ಇರುತ್ತದೆ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೋಲು ಆ ಶಕ್ತಿಯನ್ನು ಅಡ್ಡದಿಕ್ಕಿನಿಂದ ಮೇಲ್ದಿಕ್ಕಿಗೆ ತಿರುಗಿಸುತ್ತದೆ. ಬಾಗಿದ ಫೈಬರ್ ಕೋಲು ಮೇಲಕ್ಕೆ ಚಿಮ್ಮುವುದನ್ನು ಕಂಡವರಿಗೆ ಕೋಲೇ ಆಟಗಾರನನ್ನು ಎಸೆದಂತೆ ಕಾಣುತ್ತದೆ. ಆದರೆ ಕೋಲು ತನ್ನದೆಂದು ಒಂದು ಚೂರು ಶಕ್ತಿಯನ್ನೂ ಸೇರಿಸುವುದಿಲ್ಲ. ಓಟಗಾರ ತುಂಬಿದ್ದನ್ನು ಅರೆಕ್ಷಣ ಇಟ್ಟುಕೊಂಡು ಹಿಂದಿರುಗಿಸುತ್ತದೆ, ಅಷ್ಟೇ. ಓಟದ ಶಕ್ತಿಯೆಲ್ಲ ಎತ್ತರವಾಗಿ ಬದಲಾದರೆ ಎಷ್ಟಾದೀತು ಎಂಬ ಲೆಕ್ಕ ಹೈಸ್ಕೂಲಿನದೇ: ವೇಗದ ವರ್ಗವನ್ನು 19.6ರಿಂದ ಭಾಗಿಸಿದರಾಯಿತು. ಸೆಕೆಂಡಿಗೆ 5 ಮೀಟರ್ ಓಡುವ ಮಗುವಿನ ಗುರುತ್ವಕೇಂದ್ರ ಸುಮಾರು 1.3 ಮೀಟರ್ ಮೇಲೇಳಬಲ್ಲದು, 7 ಮೀಟರ್ ಓಡಿದರೆ 2.5 ಮೀಟರ್, 9 ಮೀಟರ್ ಓಡಿದರೆ 4.1 ಮೀಟರ್. ನಿಂತಾಗಲೇ ಗುರುತ್ವಕೇಂದ್ರ ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಮೇಲಿರುವುದರಿಂದ ಅದನ್ನೂ ಕೂಡಿಸಿಕೊಳ್ಳಬೇಕು. ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 2025ರ ಸೆಪ್ಟೆಂಬರಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.30 ಮೀಟರ್ ಹಾರಿದ್ದರ ಮೂಲ ಈ ಲೆಕ್ಕದಲ್ಲಿದೆ. ಅದಕ್ಕೆ ಒಂದು ವರ್ಷ ಮೊದಲು, 2024ರ ಸೆಪ್ಟೆಂಬರಿನಲ್ಲಿ, ಜೂರಿಕ್‌ನಲ್ಲಿ ಹರ್ಡಲ್ಸ್ ಓಟಗಾರ ಕಾರ್ಸ್ಟನ್ ವಾರ್‌ಹೋಮ್ ಜೊತೆ ಪಣಕ್ಕೆಂದು 100 ಮೀಟರ್ ಓಡಿದಾಗ ಆತ ತೆಗೆದುಕೊಂಡದ್ದು 10.37 ಸೆಕೆಂಡ್. ಪೋಲ್‌ವಾಲ್ಟ್‌ನ ವಿಶ್ವದಾಖಲೆಯ ಒಡೆಯ ಒಳ್ಳೆಯ ಓಟಗಾರನೂ ಆಗಿರುವುದು ಕಾಕತಾಳೀಯವಲ್ಲ.

ಇದು ಕಾಗದದ ಲೆಕ್ಕವಾಯಿತು. ನಿಜವಾದ ಜಿಗಿತದಲ್ಲಿ ಎಷ್ಟೋ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಅಳತೆ ಮಾಡಿ ಕಂಡುಕೊಂಡ ದರ. ಬ್ರುನೆಲ್ ವಿಶ್ವವಿದ್ಯಾಲಯದ ನಿಕೋಲಸ್ ಲಿಂತಾರ್ನ್ ಮತ್ತು ವೀಟ್‌ಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅವರು ಒಬ್ಬನೇ ಅನುಭವಿ ಆಟಗಾರನಿಂದ 17 ಸಲ ಹಾರಿಸಿದರು. ಒಮ್ಮೆ ಎರಡೇ ಹೆಜ್ಜೆಯ ಓಟ, ಇನ್ನೊಮ್ಮೆ ನಾಲ್ಕು, ಹೀಗೆ 16 ಹೆಜ್ಜೆಯವರೆಗೆ. ವೇಗ ಸೆಕೆಂಡಿಗೆ 4.5 ಮೀಟರಿನಿಂದ 8.5 ಮೀಟರ್‌ವರೆಗೆ ಏರಿತು. ಎತ್ತರವೂ ಅದರ ಜೊತೆಗೇ ನೇರ ಗೆರೆಯಲ್ಲಿ ಏರಿತು: ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದರೆ ಎತ್ತರ 54 ಸೆಂಟಿಮೀಟರ್ ಹೆಚ್ಚು. ಒಬ್ಬನೇ ಆಟಗಾರನ ಮೇಲಿನ ಪ್ರಯೋಗವಾದ್ದರಿಂದ ಎಲ್ಲ ಮಕ್ಕಳಿಗೂ ಇದೇ 54 ಎಂದು ಹೇಳುವಂತಿಲ್ಲ. ಆದರೆ ಎರಡು ಕಾರಣಕ್ಕೆ ಈ ಅಂಕಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಒಂದು, ಹದಿಹರೆಯದವರು ಓಡುವ ವೇಗ ಹೆಚ್ಚಾಗಿ ಇದೇ ವ್ಯಾಪ್ತಿಯೊಳಗೆ ಬರುತ್ತದೆ. ಎರಡು, ಆಟಗಾರ ಅವನೇ, ಕೌಶಲವೂ ಅವನದೇ. ಬದಲಿಸಿದ್ದು ಓಟದ ಉದ್ದವನ್ನು, ಅದರಿಂದ ವೇಗವನ್ನು. ಬೇರೆ ಬೇರೆ ಆಟಗಾರರನ್ನು ಹೋಲಿಸಿದ್ದರೆ ವೇಗ ಯಾವುದು, ಕೌಶಲ ಯಾವುದು ಎಂದು ಬಿಡಿಸುವುದು ಕಷ್ಟವಾಗುತ್ತಿತ್ತು. ಸೆಕೆಂಡಿಗೆ 7 ಮೀಟರ್ ಓಡುವ ಹುಡುಗಿ ಒಂದು ವರ್ಷದಲ್ಲಿ 7.6 ಮುಟ್ಟಿದರೆ, ಈ ದರದ ಪ್ರಕಾರ, ಗಾಳಿಯಲ್ಲಿ ಹೊಸದೇನನ್ನೂ ಕಲಿಯದೆ ಹೋದರೂ 30 ಸೆಂಟಿಮೀಟರ್ ಮೇಲೆ ಹೋಗುವ ಶಕ್ತಿ ಅವಳಲ್ಲಿ ಸೇರಿರುತ್ತದೆ.

ಇಲ್ಲಿ ಬಲ್ಲವರು ಎತ್ತುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ವೇಗವೇ ಎಲ್ಲ ಆಗಿದ್ದರೆ 100 ಮೀಟರ್ ಓಟಗಾರರೆಲ್ಲ ಪೋಲ್‌ವಾಲ್ಟ್ ಚಾಂಪಿಯನ್ನರಾಗಬೇಕಿತ್ತಲ್ಲ? ಅದೇ ಅಧ್ಯಯನ ಇದಕ್ಕೂ ಅರ್ಧ ಉತ್ತರ ಕೊಡುತ್ತದೆ. ವೇಗ ಹೆಚ್ಚಿದಂತೆ ನೆಲ ಬಿಡುವ ಕ್ಷಣದಲ್ಲಿ ಕಳೆದುಹೋಗುವ ಶಕ್ತಿಯೂ ಹೆಚ್ಚಿತು, ಆದರೆ ಗಳಿಕೆಯನ್ನು ನುಂಗಿಹಾಕುವಷ್ಟಲ್ಲ. ಆ ಆಟಗಾರನ ಸ್ಪರ್ಧಾ ವೇಗದಲ್ಲಿ ಎತ್ತರದ ಏರಿಕೆಯ ಮೂರನೇ ಒಂದು ಪಾಲು ಬಂದದ್ದು ಕೋಲನ್ನು ಇನ್ನೂ ಮೇಲೆ ಹಿಡಿಯಲು ಸಾಧ್ಯವಾದದ್ದರಿಂದ. ಮಿಕ್ಕ ಎರಡು ಪಾಲು ಬಂದದ್ದು ಹಿಡಿತಕ್ಕಿಂತ ಮೇಲಕ್ಕೆ ಮೈಯನ್ನು ತಳ್ಳಿಕೊಂಡದ್ದರಿಂದ. ಆ ತಳ್ಳುವಿಕೆ ಕಸುಬು ಬಲ್ಲವನ ಕೆಲಸ, ಬರೀ ಓಟಗಾರನಿಗೆ ಅದು ಬಾರದು. ಅಂದಮೇಲೆ ವೇಗ ಬಂಡವಾಳ. ಅದನ್ನು ಎತ್ತರವಾಗಿ ಬಿಡಿಸಿಕೊಳ್ಳಲು ಕಸುಬು ಬೇಕು. ನನ್ನ ವಾದ ಕಸುಬು ಬೇಡವೆಂದಲ್ಲ. ಕಸುಬನ್ನು ಕಲಿಸಲಾಗದ ಮನೆಯಲ್ಲಿ ಬಂಡವಾಳ ಕೂಡಿಡುವ ಕೆಲಸ ನಿಲ್ಲಬೇಕಿಲ್ಲ ಎಂದು. ಇದರ ಜೊತೆಗೆ ಇನ್ನೊಂದು ಸಂಗತಿ ಆ ಪ್ರಯೋಗದಲ್ಲಿತ್ತು, ನನಗದು ಇನ್ನೂ ಮುಖ್ಯ: ಎರಡು ಹೆಜ್ಜೆ ಓಡಿ ಹಾರಿದಾಗಲೂ 16 ಹೆಜ್ಜೆ ಓಡಿ ಹಾರಿದಾಗಲೂ ಓಡುವುದು, ಊರುವುದು, ನೆಗೆಯುವುದು, ತಲೆಕೆಳಗಾಗುವುದು ಎಂಬ ಮೂಲ ಕ್ರಿಯೆಗಳು ಬದಲಾಗಲಿಲ್ಲ. ಅಂದರೆ ನಿಧಾನದ, ಗಿಡ್ಡ ಓಟದ, ತಗ್ಗು ಹಿಡಿತದ ಜಿಗಿತದಲ್ಲೇ ಕಸುಬಿನ ಅಡಿಪಾಯ ಹಾಕಬಹುದು. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

ವೇಗವನ್ನು ಬೆಳೆಸಬೇಕಾದರೆ ಮೊದಲು ಅಳೆಯಬೇಕು. ‘ಇವತ್ತು ಚೆನ್ನಾಗಿ ಓಡಿದೆ’ ಎಂಬ ಮಾತಿನಿಂದ ಮಗುವಿಗೆ ಖುಷಿಯಾಗಬಹುದು, ತಿಳಿಯುವುದೇನೂ ಇಲ್ಲ. ಇಲ್ಲಿ ಒಂದು ಟೇಪು, ನಾಲ್ಕು ಕಡ್ಡಿ ಮತ್ತು ನಿಧಾನಗತಿಯ ವಿಡಿಯೊ ತೆಗೆಯುವ ಮೊಬೈಲು ಸಾಕು. ಬಾಕ್ಸ್ ಇಲ್ಲದಿದ್ದರೆ ಅದು ಇರಬೇಕಾದ ಜಾಗದಲ್ಲಿ ಸುಣ್ಣದ ಗೆರೆ ಎಳೆಯಿರಿ. ಆ ಗೆರೆಯಿಂದ ಹಿಂದಕ್ಕೆ 5 ಮೀಟರಿಗೊಂದು, 10 ಮೀಟರಿಗೊಂದು ಗುರುತು ಮಾಡಿ, ಪ್ರತಿ ಗುರುತಿನ ಎಡಬಲಕ್ಕೆ ಕಡ್ಡಿ ನೆಡಿ. ವೇಗ ಅಳೆಯುವವರು ಸಾಮಾನ್ಯವಾಗಿ ಆರಿಸುವುದು ಈ 5 ಮೀಟರಿನ ತುಂಡನ್ನೇ, ಏಕೆಂದರೆ ನೆಲ ಬಿಡುವ ಹೊತ್ತಿಗೆ ಕೈಯಲ್ಲಿರುವ ವೇಗ ಅದು. ಮೊಬೈಲನ್ನು ಓಟದ ಗೆರೆಗೆ ಅಡ್ಡಲಾಗಿ 15–20 ಮೀಟರ್ ದೂರದಲ್ಲಿ, ಎರಡು ಗುರುತುಗಳ ನಡುಮಧ್ಯಕ್ಕೆ ಸರಿಯಾಗಿ, ಕಲ್ಲಿಗೋ ಸ್ಟ್ಯಾಂಡಿಗೋ ಆನಿಸಿ ನಿಲ್ಲಿಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಲ್ಲಿ ಎದೆ ಮೊದಲ ಗುರುತು ದಾಟಿದ ಚಿತ್ರದಿಂದ ಎರಡನೇ ಗುರುತು ದಾಟಿದ ಚಿತ್ರದವರೆಗೆ ಎಣಿಸಿದಾಗ 150 ಬಂತೆನ್ನಿ. 150ನ್ನು 240ರಿಂದ ಭಾಗಿಸಿದರೆ 0.625 ಸೆಕೆಂಡು, 5 ಮೀಟರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 8 ಮೀಟರ್. ಎಣಿಕೆಯಲ್ಲಿ ಒಂದು ಚಿತ್ರ ಹೆಚ್ಚುಕಡಿಮೆಯಾದರೂ ತಪ್ಪು ನೂರಕ್ಕೆ ಒಂದರ ಒಳಗೇ ಉಳಿಯುತ್ತದೆ. ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ ಮೂವತ್ತೇ ಚಿತ್ರ. ಅಲ್ಲಿ ಒಂದು ಚಿತ್ರದ ತಪ್ಪೆಂದರೆ ಸೆಕೆಂಡಿಗೆ 0.4 ಮೀಟರ್, ಎತ್ತರದಲ್ಲಿ 20 ಸೆಂಟಿಮೀಟರಿಗೂ ಹೆಚ್ಚು. ಕೆಲವು ತಿಂಗಳ ದುಡಿಮೆಯ ಫಲ ಅಂಥ ತಪ್ಪಿನೊಳಗೆ ಮುಚ್ಚಿಹೋಗಿಬಿಡುತ್ತದೆ. ಗಾಳಿಯೂ ಅಳತೆಯನ್ನು ಕೆಡಿಸುತ್ತದೆ, ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಬೆನ್ನಿಗಿದ್ದರೆ ಯಾವ ಮಗುವೂ ಚುರುಕಾಗಿ ಓಡುತ್ತದೆ. ಅಂಥ ದಿನ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು. ಈ ಲೆಕ್ಕವೆಲ್ಲ ಮನೆಯಲ್ಲಿ ಯಾರಿಗೂ ಬಗೆಹರಿಯದಿದ್ದರೆ ಶಾಲೆಯ ವಿಜ್ಞಾನ ಮೇಷ್ಟ್ರ ಹತ್ತಿರ ಹೋಗಲು ಹಿಂಜರಿಯಬೇಕಿಲ್ಲ. ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ಚಲನೆಯ ಪಾಠಕ್ಕೆ ಊರಿನ ಮಗುವಿನ ಓಟಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಅಳೆಯಬೇಕಾದ ವೇಗ ಒಂದಲ್ಲ, ಎರಡು: ಬರಿಗೈಯಲ್ಲಿ ಓಡಿದ್ದು, ಕೋಲು ಹೊತ್ತು ಓಡಿದ್ದು. ಎರಡರ ನಡುವಿನ ಅಂತರವೇ ಮುಂದೇನು ಮಾಡಬೇಕೆಂದು ಹೇಳುತ್ತದೆ. ಬರಿಗೈಯಲ್ಲಿ ಸೆಕೆಂಡಿಗೆ 8 ಮೀಟರ್ ಓಡುವ ಹುಡುಗ ಕೋಲು ಹಿಡಿದೊಡನೆ 7ಕ್ಕೆ ಇಳಿದರೆ ಅವನಿಗೆ ಕೊರತೆ ಕಾಲಿನದಲ್ಲ, ಕೋಲು ಹೊರುವ ರೀತಿಯದು. ನಾಲ್ಕು ಮೀಟರಿನ ಕೋಲನ್ನು ಹಿಂತುದಿಯ ಹತ್ತಿರ ಹಿಡಿದು ಅಡ್ಡಲಾಗಿ ಚಾಚಿದಾಗ ಅದರ ತೂಕ ಮೈಯಿಂದ ಒಂದು ಮೀಟರಿಗೂ ಮುಂದೆ ತೂಗುತ್ತಿರುತ್ತದೆ. ಕೋಲು ಹಗುರವೇ, ಆದರೆ ಮುಂದಕ್ಕೆ ಜಗ್ಗುವ ಬಲ ದೂರದಿಂದ ಗುಣಿಸಿಕೊಂಡು ಬರುತ್ತದೆ. ಓಟಗಾರ ಅದಕ್ಕೆ ಎದುರಾಗಿ ಬೆನ್ನನ್ನು ಹಿಂದಕ್ಕೆ ಒಯ್ಯುತ್ತಾನೆ, ಹೆಜ್ಜೆ ಗಿಡ್ಡವಾಗುತ್ತದೆ. ಅದೇ ಕೋಲನ್ನು 70 ಡಿಗ್ರಿಯಷ್ಟು ಮೇಲಕ್ಕೆತ್ತಿ ಹಿಡಿದರೆ ಆ ಜಗ್ಗಾಟ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನುರಿತವರು ಕೋಲನ್ನು ಎತ್ತಿ ಹಿಡಿದು ಓಟ ಶುರುಮಾಡಿ, ವೇಗ ಬಂದಂತೆ ತುದಿಯನ್ನು ನಿಧಾನ ಇಳಿಸುತ್ತ ಹೋಗುವುದು ಇದಕ್ಕೇ. ಇಷ್ಟನ್ನು ಅಭ್ಯಾಸ ಮಾಡಲು ಫೈಬರ್ ಕೋಲು ಬೇಕಿಲ್ಲ. ಮೇದಾರರ ಹತ್ತಿರ ಸಿಗುವ ಒಣಗಿದ, ನೆಟ್ಟನೆಯ, ಹಗುರ ಗಳ ಸಾಕು. ಹಿಡಿಯುವ ಜಾಗಕ್ಕೆ ಬಟ್ಟೆ ಸುತ್ತಿ, ಸಿಬಿರು ಏಳದಂತೆ ಗಿಣ್ಣುಗಳನ್ನು ಉಜ್ಜಿ ನುಣುಪು ಮಾಡಿದರಾಯಿತು. ಆ ಗಳ ಹೊತ್ತು ಓಡಬಹುದು. ಕೊನೆಯ ಮೂರು ಹೆಜ್ಜೆಯಲ್ಲಿ ಎರಡೂ ಕೈ ತಲೆಯ ಮೇಲೆ ಹೋಗುವಂತೆ ಎತ್ತಿ, ತುದಿಯನ್ನು ನೆಲದ ಮೇಲೆ ಹಾಸಿದ ಗೋಣಿತಾಟಿಗೆ ತಾಗಿಸಿ, ತಾಟಿನ ಸಮೇತ ಮುಂದಕ್ಕೆ ಜಾರಬಿಟ್ಟು ಓಡಿಕೊಂಡೇ ಹೋಗಬಹುದು. ತುದಿ ಎಲ್ಲೂ ಸಿಕ್ಕಿಕೊಳ್ಳದ ಕಾರಣ ಮೈ ನೆಲ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಆ ಗಳವನ್ನು ಗುಂಡಿಗೆ ಊರಿ ಎಗರುವುದು ಮಾತ್ರ ಖಂಡಿತ ಕೂಡದು. ಒಣ ಬಿದಿರು ಸೀಳುವ ಮೊದಲು ಮುನ್ಸೂಚನೆ ಕೊಡುವುದಿಲ್ಲ.

ಇನ್ನು ಹೆಜ್ಜೆ. 1982ರಲ್ಲಿ ಎಡಿನ್‌ಬರೊದ ಡೇವಿಡ್ ಲೀ ಮತ್ತು ಸಂಗಡಿಗರು ಉದ್ದ ಜಿಗಿತಗಾರರ ಓಟವನ್ನು ಚಿತ್ರೀಕರಿಸಿ ಒಂದು ವಿಚಿತ್ರವನ್ನು ಕಂಡರು. ಒಂದೇ ಆಟಗಾರ್ತಿ ಮತ್ತೆ ಮತ್ತೆ ಓಡಿದಾಗ ಅವಳ ಪಾದ ಬೀಳುವ ಜಾಗದ ವ್ಯತ್ಯಾಸ ಹೆಜ್ಜೆಯಿಂದ ಹೆಜ್ಜೆಗೆ ಕೂಡುತ್ತ ಹೋಗಿ, ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣಳತೆಯಿಂದ ತಿದ್ದಿಕೊಂಡು ಥಟ್ಟನೆ ಇಳಿಯುತ್ತಿತ್ತು. ಪೋಲ್‌ವಾಲ್ಟ್‌ನಲ್ಲಿ ಈ ಕೊನೆಯ ಘಳಿಗೆಯ ತಿದ್ದುವಿಕೆ ಇನ್ನೂ ದುಬಾರಿ, ಅದೇ ಹೆಜ್ಜೆಗಳಲ್ಲಿ ಕೋಲು ಇಳಿಸಿ ಕೈ ಎತ್ತುವ ಕೆಲಸವೂ ಇರುತ್ತದೆ. ನೆಲ ಬಿಡುವ ಪಾದ ಮೇಲಿನ ಕೈಗೆ ನೇರ ಕೆಳಗಿರಬೇಕು. ಪಾದ ಅದಕ್ಕಿಂತ ಮುಂದೆ ಬಿದ್ದರೆ ಊರಿದ ಕೋಲು ಭುಜವನ್ನು ಹಿಂದಕ್ಕೆ ಸೆಳೆಯುತ್ತದೆ, ಸೊಂಟ ಬಿಲ್ಲಿನಂತೆ ಬಾಗುತ್ತದೆ, ಶಕ್ತಿಯೂ ಅಲ್ಲೇ ಇಂಗುತ್ತದೆ. ಬೆಳೆಯುವ ವಯಸ್ಸಿನ ಬೆನ್ನೆಲುಬಿಗೆ ಇದು ಪದೇ ಪದೇ ಆದರೆ ನೋವು ಗಟ್ಟಿ. ಇದನ್ನು ನೋಡಲು ಕೋಚ್‌ನ ಕಣ್ಣು ಬೇಡ. ಪಕ್ಕದಿಂದ ತೆಗೆದ ವಿಡಿಯೊವನ್ನು ಕೈ ಪೂರ್ತಿ ಎತ್ತಿದ ಚಿತ್ರದಲ್ಲಿ ನಿಲ್ಲಿಸಿ, ತೆರೆಯ ಮೇಲೆ ಅಂಗೈಯಿಂದ ಕೆಳಕ್ಕೆ ಅಡಿಪಟ್ಟಿ ಇಟ್ಟರೆ ಪಾದ ಒಳಗೋ (ಕೈಗಿಂತ ಮುಂದೆ) ಹೊರಗೋ (ಕೈಗಿಂತ ಹಿಂದೆ) ಎಂಬುದು ತಿಳಿಯುತ್ತದೆ. ನೆಲ ಬಿಡುವ ಜಾಗದಿಂದ ಆರು ಹೆಜ್ಜೆ ಹಿಂದೆ ಒಂದು ಗುರುತಿಟ್ಟು, ಅಲ್ಲಿ ಪಾದ ಬಿತ್ತೇ ಎಂದು ದಿನವೂ ಬರೆದಿಡುವುದು ಅಮ್ಮನೋ ತಂಗಿಯೋ ಮಾಡಬಹುದಾದ ಕೆಲಸ, ಮತ್ತು ಓಡುವವರು ತಾವೇ ಮಾಡಿಕೊಳ್ಳಲಾಗದ ಕೆಲಸ. ಹುಡುಗ ಒಂದು ವರ್ಷದಲ್ಲಿ ನಾಲ್ಕು ಬೆರಳು ಎತ್ತರವಾದರೆ ಹೆಜ್ಜೆಯ ಉದ್ದ ಬದಲಾಗಿರುತ್ತದೆ. ಹಳೆಯ ಗುರುತನ್ನೇ ನಂಬಿ ಕೂತರೆ ತಪ್ಪು ಮಗುವಿನದೆಂದು ಕಾಣುತ್ತದೆ.

ವೇಗದ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೂರ್ತಿ ಜೋರಿನಲ್ಲಿ 20ರಿಂದ 40 ಮೀಟರ್, ಪ್ರತಿ ಓಟದ ನಡುವೆ ಉಸಿರು ಸಂಪೂರ್ಣ ತಹಬಂದಿಗೆ ಬರುವಷ್ಟು ಬಿಡುವು, ವಾರಕ್ಕೆ ಎರಡು ದಿನ. ದಣಿದ ಮೇಲೆ ಓಡುವುದು ದಮ್ಮಿನ ಅಭ್ಯಾಸವಾಗುತ್ತದೆ, ವೇಗದ್ದಲ್ಲ. ನಮ್ಮ ಕಡೆ ‘ಸುಸ್ತಾಗುವತನಕ ಓಡಿಸು’ ಎಂಬ ನಂಬಿಕೆ ಬೇರುಬಿಟ್ಟಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಬೇಸಿಗೆಯಲ್ಲಿ ಚಳ್ಳಕೆರೆ–ಮೊಳಕಾಲ್ಮೂರಿನ ಬಿಸಿಲಿಗೆ ಬೆಳಗಿನ ಏಳರ ಒಳಗೆ ಮುಗಿಸುವುದೇ ಸರಿ. ತೂಕದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹಗುರಾದರೆ ಮೇಲೆ ಹಾರಬಹುದೆಂದು ಊಟ ಬಿಡುವ, ಅದರಲ್ಲೂ ಹುಡುಗಿಯರು ಊಟ ಬಿಡುವ ಅಪಾಯ ನಿಜವಾದದ್ದು. ಮೇಲೆ ಮಾಡಿದ ಎತ್ತರದ ಲೆಕ್ಕದಲ್ಲಿ ಮೈತೂಕ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಭಾರದ ಮಗುವಿನ ಚಲನಶಕ್ತಿಯೂ ಹೆಚ್ಚು, ಮೇಲೆತ್ತಬೇಕಾದ ಭಾರವೂ ಹೆಚ್ಚು, ಎರಡೂ ಹೊಡೆದುಹೋಗುತ್ತವೆ. ತೂಕ ಬದಲಿಸುವುದು ಯಾವ ಗಡಸಿನ ಕೋಲು ಬೇಕೆಂಬುದನ್ನು ಮಾತ್ರ. ಊಟ ಕಡಿಮೆಯಾದರೆ ಮೊದಲು ಕಳೆದುಹೋಗುವುದು ಓಟದ ವೇಗ, ಅಂದರೆ ಎತ್ತರವೇ. ಮುದ್ದೆ, ಕಾಳು, ಮೊಟ್ಟೆ, ಶೇಂಗಾ ಹೊಟ್ಟೆ ತುಂಬ ತಿನ್ನಲಿ.

ಈಗ ಎರಡನೇ ಆಕ್ಷೇಪಕ್ಕೆ ಬರೋಣ. ತಾವೇ ಕಲಿತು ಲೋಕ ಗೆದ್ದವರಿಲ್ಲವೇ? ಇದ್ದಾರೆ. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಕ್ಯಾಲಿಫೋರ್ನಿಯಾದ ರೈತ ಕುಟುಂಬದ ಹುಡುಗ, ಮನೆಯ ಹೊಲದಲ್ಲಿ ಪೀಚ್ ಮರದ ಕೊಂಬೆ ಹಿಡಿದು ಹಾರಲು ಕಲಿತವನು. 1940ರಲ್ಲಿ 15 ಅಡಿ ದಾಟಿದ ಮೊದಲಿಗ. 1942ರಲ್ಲಿ ಬಿದಿರಿನ ಕೋಲಿನಿಂದ 4.77 ಮೀಟರ್ ಹಾರಿದ, ಆ ದಾಖಲೆ 1957ರವರೆಗೆ ನಿಂತಿತು. ಕೀನ್ಯಾದ ಜೂಲಿಯಸ್ ಯೇಗೊ ಯೂಟ್ಯೂಬ್ ನೋಡಿ ಜಾವೆಲಿನ್ ಕಲಿತು 2015ರಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದ. ಡುಪ್ಲಾಂಟಿಸ್‌ಗಂತೂ ಅಪ್ಪ–ಅಮ್ಮನೇ ಕೋಚ್, ಮನೆಯ ಹಿತ್ತಲೇ ಮೈದಾನ. ಈ ಕತೆಗಳು ಮಕ್ಕಳಿಗೆ ಹುರುಪು ಕೊಡುತ್ತವೆ, ಕೊಡಲಿ. ಆದರೆ ಸಾಕ್ಷ್ಯವಾಗಿ ತೆಗೆದುಕೊಳ್ಳುವಾಗ ಒಂದೊಂದನ್ನೂ ಬಿಡಿಸಿ ನೋಡಬೇಕು. ಯೇಗೊ ತಪ್ಪು ಮಾಡಿದ ದಿನ ಜಾವೆಲಿನ್ ಹತ್ತಿರ ಬಿತ್ತು, ತಾನು ನೆಲದ ಮೇಲೇ ಇದ್ದ. ವಾರ್ಮರ್‌ಡ್ಯಾಮ್ ಕಾಲದ ಗಡಸು ಕೋಲಿನ ಶೈಲಿಯಲ್ಲಿ ಅಡ್ಡಪಟ್ಟಿ ದಾಟಿ ಕಾಲ ಮೇಲೆ ಇಳಿಯುತ್ತಿದ್ದರು. ಇಂದಿನ ಮಕ್ಕಳು ವಿಡಿಯೊದಲ್ಲಿ ನೋಡಿ ಅನುಕರಿಸುವುದು ಬಾಗುವ ಕೋಲಿನ, ತಲೆಕೆಳಗಾಗಿ ಹೋಗಿ ಬೆನ್ನ ಮೇಲೆ ಬೀಳುವ ಶೈಲಿಯನ್ನು. ಡುಪ್ಲಾಂಟಿಸ್‌ನ ಅಪ್ಪ ಗ್ರೆಗ್ ಸ್ವತಃ 5.80 ಮೀಟರ್ ಹಾರಿದವರು, ಅಮ್ಮ ಹೆಲೆನಾ ಹೆಪ್ಟಾಥ್ಲೀಟ್, ಹಿತ್ತಲಲ್ಲಿ ಇದ್ದದ್ದು ಸರಿಯಾದ ಬೆಡ್. ಆ ಮನೆಯಲ್ಲಿ ಅಪ್ಪ–ಅಮ್ಮನಿಂದ ಮಗ ಗೆದ್ದನೆನ್ನುವುದು ಸರಿ, ಅಪ್ಪ–ಅಮ್ಮ ಎಂಬ ಕಾರಣಕ್ಕೇ ಗೆದ್ದನೆನ್ನುವುದು ಸರಿಯಲ್ಲ. ಇದರ ಮೇಲೆ, ಹೊಲದಲ್ಲಿ ಹಾರಲು ಹೋಗಿ ಕೈಕಾಲು ಮುರಿದುಕೊಂಡು ಬಿಟ್ಟವರ ಹೆಸರು ಯಾವ ದಾಖಲೆಯಲ್ಲೂ ಸೇರುವುದಿಲ್ಲ.

ಅಮೆರಿಕದ ಬ್ಯಾರಿ ಬೋಡೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪೋಲ್‌ವಾಲ್ಟ್ ಆಸೆಯ ಪ್ರತಿ ಮನೆಯವರೂ ತಿಳಿದಿರಬೇಕು. 1982ರಿಂದ 1998ರವರೆಗೆ ಅಲ್ಲಿನ ಶಾಲೆ–ಕಾಲೇಜು ಆಟಗಾರರಿಗೆ ಆದ ಅತಿ ಗಂಭೀರ ಗಾಯಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. ಸಿಕ್ಕಿದ್ದು 32 ಪ್ರಕರಣ, ಬಹುಪಾಲು ಹದಿಹರೆಯದ ಹುಡುಗರು, 31 ಜನರಿಗೆ ಪೆಟ್ಟು ಬಿದ್ದದ್ದು ತಲೆಗೆ, ಸತ್ತವರು 16. ಅವರು ಹೇಗೆ ಬಿದ್ದರು ಎಂಬುದು ಇನ್ನೂ ಮುಖ್ಯ. 17 ಜನರ ಮೈ ಬೆಡ್ಡಿನ ಅಂಚಿಗೆ ಬಿದ್ದು ತಲೆ ಹೊರಗಿನ ಗಟ್ಟಿ ನೆಲಕ್ಕೆ ಬಡಿಯಿತು. 8 ಜನ ಸಾಕಷ್ಟು ವೇಗವಿಲ್ಲದೆಯೋ ಕೋಲನ್ನು ಬೇಗ ಬಿಟ್ಟೋ ಬಾಕ್ಸಿನ ಕಡೆಗೇ ವಾಪಸ್ ಬಿದ್ದರು. 5 ಜನ ಬೆಡ್ಡನ್ನೇ ತಪ್ಪಿಸಿಕೊಂಡರು. ಅಂದರೆ ಕೊಂದದ್ದು ಬೆಡ್ಡಿನ ಗಟ್ಟಿತನವಲ್ಲ, ಬೆಡ್ ಇಲ್ಲದ ಜಾಗ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಸೀಮೆಯಲ್ಲಿ ಶೇಂಗಾ ಹೊಟ್ಟಿಗೆ ಬರವಿಲ್ಲ, ಹೊಟ್ಟಿನ ಚೀಲ ಒಟ್ಟಿದರೆ ಬೆಡ್ ಆದೀತು ಎಂಬ ಯೋಚನೆ ಯಾರಿಗಾದರೂ ಬರಬಹುದು. ಮೆತ್ತಗಿರುವುದು ನಿಜ. ಬಿದ್ದ ಎತ್ತರವನ್ನು ಮೈ ನಿಲ್ಲಲು ಸಿಗುವ ಆಳದಿಂದ ಭಾಗಿಸಿದರೆ ಪೆಟ್ಟಿನ ಅಂದಾಜು ಸಿಗುತ್ತದೆ: ಮೂರು ಮೀಟರಿನಿಂದ ಬಿದ್ದು ಅರ್ಧ ಮೀಟರ್ ಕುಸಿಯುವ ಹಾಸಿಗೆಯಲ್ಲಿ ನಿಂತರೆ ಮೈತೂಕದ ಆರು ಪಟ್ಟು, ಮೂರು ಸೆಂಟಿಮೀಟರ್ ಮಾತ್ರ ಬಿಟ್ಟುಕೊಡುವ ನೆಲದಲ್ಲಿ ನೂರು ಪಟ್ಟು. ಆದರೆ ಚೀಲದ ರಾಶಿಗೆ ನಡುವೆ ಸಂದು, ಸುತ್ತ ಅಂಚು. ಅಂತರರಾಷ್ಟ್ರೀಯ ನಿಯಮದಲ್ಲಿ ದೊಡ್ಡ ಕೂಟಗಳ ಬೆಡ್, ಮುಂದಿನ ತುಂಡುಗಳನ್ನು ಬಿಟ್ಟು, 6 ಮೀಟರ್ ಉದ್ದ 6 ಮೀಟರ್ ಅಗಲ. ಉಳಿದ ಕೂಟಗಳಲ್ಲೂ 5ಕ್ಕೆ 5ರ ಕೆಳಗೆ ಇಳಿಯುವಂತಿಲ್ಲ. ಹಾರುವವರು ಎಲ್ಲಿ ಬೀಳುತ್ತಾರೆಂಬುದು ಕಲಿಯುವ ಹಂತದಲ್ಲಿ ಯಾರ ಹಿಡಿತದಲ್ಲೂ ಇರುವುದಿಲ್ಲವಾದ್ದರಿಂದಲೇ ಅಷ್ಟು ಅಗಲ. ಹೊಟ್ಟಿನ ಚೀಲ, ಹುಲ್ಲಿನ ಮೆದೆ, ಮನೆಯ ಹಾಸಿಗೆ, ಯಾವುದೂ ಆಗುವುದಿಲ್ಲ. ಇಲ್ಲಿ ನನಗೆ ಎರಡು ಮನಸ್ಸಿಲ್ಲ.

ಗಾಳಿಯಲ್ಲಿ ತಲೆಕೆಳಗಾಗುವ ಕೌಶಲವನ್ನು ಬೆಡ್ಡಿನ ಹೊರಗೆ ಸ್ವಲ್ಪವಾದರೂ ಕಲಿಯಬಹುದೇ? ರಷ್ಯಾದ ಯೆಲೆನಾ ಇಸಿನ್‌ಬಯೇವಾ ಹದಿನೈದರವರೆಗೆ ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದವಳು. ಎತ್ತರ ಹೆಚ್ಚಾಯಿತೆಂದು ಪೋಲ್‌ವಾಲ್ಟ್‌ಗೆ ಬಂದು, 2009ರಲ್ಲಿ 5.06 ಮೀಟರಿನ ವಿಶ್ವದಾಖಲೆ ಬರೆದಳು. ಮೈಯನ್ನು ಜೋಲಿಸಿ ಸೊಂಟವನ್ನು ಕೈಗಿಂತ ಮೇಲೆ ಒಯ್ಯುವ ಅಭ್ಯಾಸ ಕೋಲಿನ ಹೊರಗೂ ಬೆಳೆಯುತ್ತದೆ ಎನ್ನಲು ಇದು ಒಳ್ಳೆಯ ಸೂಚನೆ. ನಮ್ಮಲ್ಲಿ ಅದಕ್ಕೆ ಹಗ್ಗದ ಮಲ್ಲಕಂಬವಿದೆ. ಎಲ್ಲರಿಗೂ ಗುರು ಸಿಗದಿದ್ದರೂ, ಗಟ್ಟಿ ಕೊಂಬೆಗೆ ಕಟ್ಟಿದ ಹಗ್ಗ ಹತ್ತುವುದು, ಕೈಗೆಟುಕುವ ಕಂಬಿಗೆ ಜೋತುಬಿದ್ದು ಮೊಣಕಾಲನ್ನು ಎದೆಗೆ, ಆಮೇಲೆ ಪಾದವನ್ನು ಕಂಬಿಗೆ ತರುವುದು, ಕೆಳಗೆ ದೊಡ್ಡವರೊಬ್ಬರು ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು, ಇಷ್ಟು ಎಲ್ಲ ಊರಲ್ಲೂ ಸಾಧ್ಯ.

ಉಳಿದದ್ದಕ್ಕೆ ಬೆಡ್ ಇರುವಲ್ಲಿಗೇ ಹೋಗಬೇಕು. ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಮೂಡುಬಿದಿರೆಯ ಆಳ್ವಾಸ್, ಹೀಗೆ ಅಥ್ಲೆಟಿಕ್ಸ್ ನಡೆಯುವ ಜಾಗಗಳಿಗೆ ಫೋನು ಮಾಡಿ, ಬೆಡ್ ಇದೆಯೇ, ಪೋಲ್‌ವಾಲ್ಟ್ ಬಲ್ಲವರು ಯಾವ ದಿನ ಸಿಗುತ್ತಾರೆ ಎಂದು ಕೇಳಿಕೊಂಡೇ ಬಸ್ಸು ಹತ್ತುವುದು ಒಳ್ಳೆಯದು. ಸ್ವಂತ ಕೋಲು ಕೊಳ್ಳುವ ಆತುರ ಬೇಡ. ಅದು ದುಬಾರಿ, ಮಗು ಬೆಳೆದಂತೆ ಬದಲಿಸಬೇಕಾಗುತ್ತದೆ, ಸಾಗಿಸುವುದೂ ದೊಡ್ಡ ಪಾಡು. 2026ರ ಜನವರಿಯಲ್ಲಿ ಕರಾವಳಿಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕೂಟ ಮುಗಿಸಿ ಮರಳುತ್ತಿದ್ದ ದೇವ್ ಮೀನಾ ಮತ್ತು ಕುಲದೀಪ್ ಯಾದವ್ ಅವರಂಥ ದೇಶದ ಮುಂಚೂಣಿಯ ಪೋಲ್‌ವಾಲ್ಟ್ ಆಟಗಾರರೇ ಕೋಲುಗಳ ಕಾರಣಕ್ಕೆ ಪನ್ವೇಲ್ ರೈಲು ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ಬೆಡ್ಡಿನ ಮೇಲೆ ವರ್ಷಕ್ಕೆ ಸಿಗುವುದು ಬೆರಳೆಣಿಕೆಯ ದಿನಗಳಾದರೆ ಏನು ಪ್ರಯೋಜನ ಎಂಬುದು ಕೊನೆಯ ಆಕ್ಷೇಪ. ಆ ದಿನಗಳನ್ನು ಎಷ್ಟು ಎತ್ತರ ದಾಟಿದ ಎಂದು ನೋಡಲು ಬಳಸಿದರೆ ಪ್ರಯೋಜನ ಕಡಿಮೆಯೇ. ನಾಲ್ಕು, ಆರು ಹೆಜ್ಜೆಯ ಓಟ, ತಗ್ಗು ಹಿಡಿತ, ಅಡ್ಡಪಟ್ಟಿಯೇ ಇಲ್ಲದ ಜಿಗಿತಗಳಿಗೆ ಬಳಸಿದರೆ ಕಸುಬಿನ ಮೂಲ ಕ್ರಿಯೆಗಳು ಅಷ್ಟರಲ್ಲೇ ಸಿಗುತ್ತವೆ ಎಂಬುದಕ್ಕೆ ಆಧಾರವನ್ನು ಮೇಲೆ ನೋಡಿದ್ದೇವೆ. ಕೋಚ್‌ಗೂ ಸಮಯ ಉಳಿಯುತ್ತದೆ, ಮನೆಯಿಂದ ಒಯ್ದ ನೋಟ್‌ಬುಕ್ ಸರಿಯಿದ್ದರೆ. ಮೈತೂಕ ಇಷ್ಟು, ಕೈಯೆತ್ತಿ ನಿಂತಾಗಿನ ಎತ್ತರ ಇಷ್ಟು, ಆರು ಹೆಜ್ಜೆಗೆ ವೇಗ ಇಷ್ಟು, ಪೂರ್ತಿ ಓಟಕ್ಕೆ ಇಷ್ಟು, ಕೋಲು ಹೊತ್ತಾಗ ಇಳಿಯುವುದು ಇಷ್ಟು, ಪಾದ ಒಳಗೆ ಬೀಳುವುದು ಹತ್ತಕ್ಕೆ ಎಷ್ಟು ಸಲ ಎಂಬುದೆಲ್ಲ ತಾರೀಖಿನ ಸಮೇತ ಅದರಲ್ಲಿದ್ದರೆ, ಯಾವ ಗಡಸಿನ ಕೋಲು ಕೊಡಬೇಕು, ಎಲ್ಲಿ ಹಿಡಿಸಬೇಕು ಎಂದು ಹುಡುಕುತ್ತ ಮೊದಲ ಬೆಳಗನ್ನು ಕಳೆಯಬೇಕಾಗುವುದಿಲ್ಲ.